ಸೋತಾಗಲೂ ‘ನಾವು’

ಇಂಡಿಯಿಂದ ಬೆಂಗಳೂರು ದೂರ, ಹೈದರಾಬಾದು ಹತ್ತಿರ. ಮುಂಬಯಿಯೂ ಅಷ್ಟೇನೂ ದೂರವಲ್ಲ. ರೈಲು ಹತ್ತಿ ಸೊಲ್ಲಾಪುರ ಮುಟ್ಟಿದರೆ ಮುಂದಿನ ಹಾದಿ ಸಲೀಸು. ಅಭಿಮಾನವನ್ನು ಕಿಲೋಮೀಟರಿನಲ್ಲಿ ಅಳೆಯುವಂತಿದ್ದರೆ ಇಂಡಿ, ಸಿಂದಗಿಯ ಹುಡುಗರೆಲ್ಲ ಹೈದರಾಬಾದ್ ತಂಡದ ಕಿತ್ತಳೆ ಬಣ್ಣದ ಅಂಗಿ ತೊಟ್ಟು ತಿರುಗಬೇಕಿತ್ತು. ಆದರೆ ಐಪಿಎಲ್ ಕ್ರಿಕೆಟ್ ಶುರುವಾಯಿತೆಂದರೆ ಈ ಊರುಗಳಲ್ಲಿ ಹೆಚ್ಚಾಗಿ ಕಣ್ಣಿಗೆ ಬೀಳುವುದು ಕೆಂಪು ಅಂಗಿ. ಬೆನ್ನ ಮೇಲೆ 18 ಎಂಬ ಅಂಕಿ, ಅದರ ಮೇಲೆ ವಿರಾಟ್ ಕೊಹ್ಲಿಯ ಹೆಸರು. ಮುಂಬಯಿ, ಚೆನ್ನೈ ಎನ್ನುವವರೂ ಇಲ್ಲದಿಲ್ಲ. ಒಂದೇ ಮನೆಯಲ್ಲಿ ಅಣ್ಣ ಧೋನಿ ಕಡೆ, ತಮ್ಮ ಕೊಹ್ಲಿ ಕಡೆ ಆಗಿ, ನಡುವೆ ರಿಮೋಟ್ ಹಿಡಿದ ಅವ್ವ ಧಾರಾವಾಹಿಯ ಕಡೆ ಆಗಿರುವುದುಂಟು.

ನಲವತ್ತು ಡಿಗ್ರಿ ಬಿಸಿಲು ಕಾಯ್ದ ದಿನದ ಸಂಜೆ ಏಳೂವರೆಗೆ ಮುದ್ದೇಬಿಹಾಳದ, ಬಸವನ ಬಾಗೇವಾಡಿಯ ಯಾವುದೇ ಚಹಾದಂಗಡಿಯ ಮುಂದೆ ನಿಂತು ನೋಡಿ. ಟಿ.ವಿ. ಇದ್ದಲ್ಲಿ ಟಿ.ವಿ., ಇಲ್ಲದಲ್ಲಿ ಲಿಂಬೆಹಣ್ಣಿನ ಚೀಲಕ್ಕೆ ಒರಗಿಸಿಟ್ಟ ಒಂದು ಮೊಬೈಲು. ಅದರ ಸುತ್ತ ಏಳೆಂಟು ತಲೆ. ಒಂದು ವಿಕೆಟ್ ಬಿದ್ದರೆ ಆ ತಲೆಗಳೆಲ್ಲ ಒಟ್ಟಿಗೇ ಬಾಗುತ್ತವೆ. ‘ಹೋತಲೇ, ಮುಗೀತು’ ಎನ್ನುತ್ತಾನೆ ಒಬ್ಬ. ‘ಮುಗದಿಲ್ಲೋ ತಮ್ಮಾ, ಇನ್ನೂ ಆರು ಓವರ್ ಅದಾವ’ ಎನ್ನುತ್ತಾರೆ ಹಿಂದೆ ನಿಂತ ಕಾಕಾ, ತಾವು ಕ್ರಿಕೆಟ್ ನೋಡುತ್ತಲೇ ಇಲ್ಲ ಎಂಬಂತೆ.

ಇವರಲ್ಲಿ ಬಹಳ ಮಂದಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣವನ್ನು ಕಣ್ಣಾರೆ ಕಂಡವರಲ್ಲ. ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಹೋಗಿ, ಟಿಕೆಟ್ಟಿಗೆ ಸಾವಿರಾರು ರೂಪಾಯಿ ಸುರಿದು ಆಟ ನೋಡುವುದು ಎಲ್ಲರಿಗೂ ಆಗುವ ಮಾತೇ? ಆದರೂ ರಾಯಲ್ ಚಾಲೆಂಜರ್ಸ್ ಎಂಬ ಕಂಪನಿ ಮಾಲೀಕತ್ವದ ಆ ತಂಡ ಇವರ ಬಾಯಲ್ಲಿ ‘ನಮ್ಮ ತಂಡ’. ಅದು ಸೋತ ರಾತ್ರಿ ರೊಟ್ಟಿ ಸೇರುವುದಿಲ್ಲ. ಗೆದ್ದ ರಾತ್ರಿ ನಿದ್ದೆ ಬರುವುದಿಲ್ಲ.

ಈ ‘ನಮ್ಮ’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಹದಿನೇಳು ವರ್ಷಗಳ ಲೆಕ್ಕ

2008ರ ಏಪ್ರಿಲ್ 18ರಂದು ಐಪಿಎಲ್‌ನ ಮೊಟ್ಟಮೊದಲ ಪಂದ್ಯ ನಡೆದದ್ದು ಬೆಂಗಳೂರಿನಲ್ಲೇ. ಕೋಲ್ಕತ್ತದ ಪರ ಬ್ರೆಂಡನ್ ಮೆಕಲಮ್ ಒಬ್ಬರೇ ಔಟಾಗದೆ 158 ರನ್ ಹೊಡೆದರು. ಬೆಂಗಳೂರಿನ ಹನ್ನೊಂದೂ ಮಂದಿ ಸೇರಿ ಗಳಿಸಿದ್ದು 82. ಆರಂಭದ ಶಕುನವೇ ಹೀಗಿತ್ತು. ಮರುವರ್ಷ ಜೊಹಾನ್ಸ್‌ಬರ್ಗಿನಲ್ಲಿ ನಡೆದ ಫೈನಲ್ಲಿಗೆ ಅನಿಲ್ ಕುಂಬ್ಳೆ ತಂಡವನ್ನು ಕೊಂಡೊಯ್ದು, ತಾವೇ 16 ರನ್ನಿಗೆ 4 ವಿಕೆಟ್ ಪಡೆದರೂ ಡೆಕ್ಕನ್ ಚಾರ್ಜರ್ಸ್ ಎದುರು 6 ರನ್‌ಗಳಿಂದ ಸೋಲಾಯಿತು. 2011ರ ಫೈನಲ್‌ನಲ್ಲಿ ಚೆನ್ನೈ ಎದುರು 58 ರನ್ ಸೋಲು. 2016ರಲ್ಲಿ ಕೊಹ್ಲಿ ಒಂದೇ ಹಂಗಾಮಿನಲ್ಲಿ 973 ರನ್ ಕಲೆಹಾಕಿದರು. ಸ್ವಂತ ಅಂಗಳದ ಫೈನಲ್‌ನಲ್ಲಿ ಹೈದರಾಬಾದಿನ 208 ರನ್ ಬೆನ್ನಟ್ಟುತ್ತ ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟ್ಟಿಗೇ 114 ಸೇರಿಸಿದರು. ಗೆದ್ದೇಬಿಟ್ಟೆವು ಎಂದು ಪಟಾಕಿ ತಂದವರೂ ಇದ್ದರು. ಸೋಲು 8 ರನ್‌ಗಳಿಂದ.

ಇನ್ನು ಏರಿಳಿತಗಳನ್ನಂತೂ ಕೇಳುವುದೇ ಬೇಡ. 2013ರ ಏಪ್ರಿಲ್ 23ರಂದು ಪುಣೆಯ ವಿರುದ್ಧ ಕ್ರಿಸ್ ಗೇಲ್ 66 ಎಸೆತಗಳಲ್ಲಿ 175 ರನ್ ಬಾರಿಸಿದರು, ತಂಡ 263 ಗಳಿಸಿತು. ನಾಲ್ಕು ವರ್ಷಗಳ ನಂತರ ಅದೇ ಏಪ್ರಿಲ್ 23ರಂದು ಅದೇ ತಂಡ ಕೋಲ್ಕತ್ತದಲ್ಲಿ 49 ರನ್ನಿಗೆ ಆಲೌಟಾಯಿತು! ಪಂಚಾಂಗ ನೋಡುವವರು ಆ ತಾರೀಖಿನಲ್ಲಿ ಏನನ್ನಾದರೂ ಹುಡುಕಿಕೊಳ್ಳಲಿ. 2024ರಲ್ಲಿ ಮೊದಲ ಎಂಟು ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು. ಆಮೇಲೆ ಸಾಲಾಗಿ ಆರು ಗೆಲುವು. ಕೊನೆಯ ಲೀಗ್ ಪಂದ್ಯದಲ್ಲಿ ಚೆನ್ನೈಯನ್ನು ಕನಿಷ್ಠ 18 ರನ್ ಅಂತರದಿಂದ ಸೋಲಿಸಬೇಕಿತ್ತು, 27 ರನ್‌ಗಳಿಂದ ಸೋಲಿಸಿದರು. ದಶಮಾಂಶದ ಲೆಕ್ಕ ಎಂದರೆ ಮುಖ ಸಿಂಡರಿಸುವ ಹುಡುಗರು ಆ ವಾರವಿಡೀ ನೆಟ್ ರನ್ ರೇಟನ್ನು ಮೂರನೆಯ ಸ್ಥಾನದವರೆಗೆ ಬಾಯಲ್ಲೇ ಲೆಕ್ಕ ಹಾಕುತ್ತಿದ್ದರು. ನಾಲ್ಕು ದಿನಗಳ ನಂತರ ರಾಜಸ್ಥಾನದ ಎದುರು ಸೋತು ತಂಡ ಹೊರಬಿತ್ತು.

ಹೀಗೆ 2008ರಿಂದ 2024ರವರೆಗೆ 17 ಹಂಗಾಮು ಬರಿಗೈ. ‘ಏನೋ ಶಾಪ ಇರಬೇಕು’ ಎಂದು ಬಲ್ಲವರೂ ಆಡಿಕೊಂಡರು. ಶಾಪವೋ ಅಲ್ಲವೋ ಎಂಬುದನ್ನು ಹತ್ತನೆಯ ತರಗತಿಯ ಸಂಭವನೀಯತೆಯ ಪಾಠದಿಂದಲೇ ತಿಳಿಯಬಹುದು. ಎಲ್ಲ ತಂಡಗಳೂ ಸಮಬಲದವು ಎಂದುಕೊಳ್ಳೋಣ. ಎಂಟು ತಂಡ ಆಡುವ ವರ್ಷ ಒಂದು ತಂಡ ಕಪ್ ಗೆಲ್ಲದಿರುವ ಸಂಭವನೀಯತೆ 7/8, ಒಂಬತ್ತು ತಂಡಗಳಿದ್ದರೆ 8/9, ಹತ್ತಿದ್ದರೆ 9/10. ಆ 17 ಹಂಗಾಮುಗಳಲ್ಲಿ 11ರಲ್ಲಿ ಎಂಟು ತಂಡಗಳಿದ್ದವು, ಎರಡರಲ್ಲಿ ಒಂಬತ್ತು, ನಾಲ್ಕರಲ್ಲಿ ಹತ್ತು. ಎಲ್ಲವನ್ನೂ ಗುಣಿಸಿದರೆ ಬರುವ ಉತ್ತರ ಸುಮಾರು 0.12. ಅಂದರೆ ನೂರರಲ್ಲಿ ಹನ್ನೆರಡು ಪಾಲು. 2008ರಲ್ಲಿ ಹೊರಟದ್ದು ಎಂಟು ತಂಡಗಳು, ಎಂಟನ್ನು 0.12ರಿಂದ ಗುಣಿಸಿದರೆ ಹೆಚ್ಚುಕಡಿಮೆ ಒಂದು. ಯಾರೂ ಯಾವ ತಪ್ಪು ಮಾಡದಿದ್ದರೂ ಅಂಥ ಒಂದು ತಂಡ ಇರುವುದು ಸಹಜವೇ. ವಾಸ್ತವದಲ್ಲಿ ಬೆಂಗಳೂರಿನ ಜೊತೆ ದೆಹಲಿ, ಪಂಜಾಬ್ ತಂಡಗಳೂ ಆ 17 ವರ್ಷ ಬರಿಗೈಯಲ್ಲೇ ಇದ್ದವು. ಆದರೆ ಶಾಪದ ಮಾತು ಕೇಳಿಬಂದದ್ದು ಬೆಂಗಳೂರಿಗೆ ಮಾತ್ರ. ಯಾಕೆಂದರೆ ಇಷ್ಟು ಗಟ್ಟಿಯಾಗಿ ‘ನಮ್ದೇ’ ಎಂದು ಕೂಗಿದವರು ಬೇರೆ ಇರಲಿಲ್ಲ.

ಗೆದ್ದರೆ ನಾವು, ಸೋತರೆ ಅವರು

1970ರ ದಶಕದಲ್ಲಿ ರಾಬರ್ಟ್ ಚಾಲ್ಡೀನಿ ಎಂಬ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು ಅಮೆರಿಕದ ಏಳು ವಿಶ್ವವಿದ್ಯಾಲಯಗಳಲ್ಲಿ ಒಂದು ಸರಳ ಪರೀಕ್ಷೆ ಮಾಡಿದರು. ಅಲ್ಲಿ ವಾರಾಂತ್ಯಕ್ಕೆ ಫುಟ್‌ಬಾಲ್ ಪಂದ್ಯ. (ಅವರ ಫುಟ್‌ಬಾಲ್ ಎಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ, ಹೆಸರಿಗೆ ಮಾತ್ರ ಕಾಲಿನದು.) ಸೋಮವಾರ ತರಗತಿಗೆ ಬರುವ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ತಮ್ಮ ವಿಶ್ವವಿದ್ಯಾಲಯದ ಹೆಸರಿರುವ ಅಂಗಿ ತೊಟ್ಟಿದ್ದಾರೆ ಎಂದು ಎಣಿಸಿದರು. ತಂಡ ಗೆದ್ದ ವಾರ ಆ ಸಂಖ್ಯೆ ಏರುತ್ತಿತ್ತು. ಮುಂದೆ ಫೋನ್ ಮಾಡಿ ಪಂದ್ಯದ ಬಗ್ಗೆ ಕೇಳಿದಾಗ ಇನ್ನೊಂದು ಸಂಗತಿ ಹೊರಬಂತು. ಗೆದ್ದ ಪಂದ್ಯವನ್ನು ವಿವರಿಸುವಾಗ ‘ನಾವು ಗೆದ್ದೆವು’ ಎನ್ನುವವರು ಹೆಚ್ಚು; ಸೋತ ಪಂದ್ಯವಾದರೆ ‘ಅವರು ಸೋತರು’! ಬೇರೆಯವರ ಬಿಸಿಲಿನಲ್ಲಿ ತಾವು ಮೈ ಕಾಯಿಸಿಕೊಳ್ಳುವ ಈ ಬುದ್ಧಿ ಮನುಷ್ಯನಿಗೆ ಸಹಜ ಎಂದು 1976ರಲ್ಲಿ ಅವರು ಬರೆದರು.

ಈ ನಿಯಮಕ್ಕೆ ನಮ್ಮ ನಾಲ್ಕು ತಾಲೂಕುಗಳ ಹುಡುಗರು ಸೊಪ್ಪು ಹಾಕಿದಂತೆ ಕಾಣುವುದಿಲ್ಲ. ‘ಈ ಸಲ ಕಪ್ ನಮ್ದೇ’ ಎಂಬ ಘೋಷಣೆ ಊರೂರಿಗೆ ಹಬ್ಬಿದ್ದು ಕಪ್ ಗೆದ್ದಾಗ ಅಲ್ಲ, ಸೋಲಿನ ಮೇಲೆ ಸೋಲು ಬರುತ್ತಿದ್ದ ವರ್ಷಗಳಲ್ಲಿ. ಇತರ ತಂಡಗಳ ಬೆಂಬಲಿಗರು ಅದನ್ನೇ ಹಾಸ್ಯ ಮಾಡಿ ತಿರುಗಿ ಎಸೆದರು. ಇವರು ಆ ಹಾಸ್ಯವನ್ನೂ ತಮ್ಮದಾಗಿಸಿಕೊಂಡು ಮರುವರ್ಷ ಮತ್ತೆ ಅದನ್ನೇ ಕೂಗಿದರು. ಸೋತಾಗಲೂ ‘ನಾವು’ ಎಂದೇ ಅಂದರು.

ಕಾರಣ ಏನಿರಬಹುದು? ಆಟಗಾರರು ಕನ್ನಡಿಗರೆಂದೇ? ಅದೂ ಅಲ್ಲ. ಬೆಂಗಳೂರಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬೆಳೆದ ಕೆ.ಎಲ್. ರಾಹುಲ್ 2025ರ ಏಪ್ರಿಲ್ 10ರಂದು ಚಿನ್ನಸ್ವಾಮಿ ಅಂಗಳದಲ್ಲಿ ಔಟಾಗದೆ 93 ರನ್ ಹೊಡೆದು, ನೆಲದ ಮೇಲೆ ಬ್ಯಾಟಿನಿಂದ ಗೆರೆ ಎಳೆದು, ಇದು ನನ್ನ ನೆಲ ಎಂದು ಸನ್ನೆ ಮಾಡಿದರು. ‘ಕಾಂತಾರ’ ಸಿನಿಮಾ ನೋಡಿದವರಿಗೆಲ್ಲ ಆ ಸನ್ನೆ ಅರ್ಥವಾಯಿತು. ಆದರೆ ಆ ದಿನ ಅವರು ಆಡಿದ್ದು ದೆಹಲಿಗೆ, ಸೋತದ್ದು ಬೆಂಗಳೂರು. ಸಿಂದಗಿಯ ಹುಡುಗ ಚಪ್ಪಾಳೆ ತಟ್ಟಬೇಕೋ ಹಣೆ ಬಡಿದುಕೊಳ್ಳಬೇಕೋ? ಇನ್ನೂ ಹತ್ತಿರದ ಉದಾಹರಣೆ ಬೇಕಿದ್ದರೆ ವಿಜಯಪುರದವರೇ ಆದ ರಾಜೇಶ್ವರಿ ಗಾಯಕವಾಡ ಇದ್ದಾರೆ. 2017ರ ಮಹಿಳಾ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಕಿತ್ತು ಭಾರತವನ್ನು ಸೆಮಿಫೈನಲ್ಲಿಗೆ ತಲುಪಿಸಿದವರು. ಮಹಿಳಾ ಪ್ರೀಮಿಯರ್ ಲೀಗ್ ಶುರುವಾದಾಗ ಅವರನ್ನು ಕೊಂಡದ್ದು ಉತ್ತರ ಪ್ರದೇಶದ ತಂಡ. ಬೆಂಗಳೂರಿನ ಮಹಿಳಾ ತಂಡಕ್ಕೆ ನಾಯಕಿಯಾದವರು ಗಡಿಯಾಚೆಯ ಸಾಂಗ್ಲಿಯ ಸ್ಮೃತಿ ಮಂಧಾನ. ಆ ತಂಡ 2024ರ ಮಾರ್ಚ್ 17ರಂದು ದೆಹಲಿಯನ್ನು ಎಂಟು ವಿಕೆಟ್‌ಗಳಿಂದ ಮಣಿಸಿ ಗಂಡಸರಿಗಿಂತ ಮೊದಲೇ ಕಪ್ ತಂದಿತು. ಫೈನಲ್‌ನಲ್ಲಿ 12 ರನ್ನಿಗೆ 4 ವಿಕೆಟ್ ಪಡೆದವರು ಕಲಬುರ್ಗಿ ಮೂಲದ ಶ್ರೇಯಾಂಕಾ ಪಾಟೀಲ. ಹದಿನಾರು ವರ್ಷ ಗಂಡಸರು ಮಾಡದ್ದನ್ನು ಹೆಣ್ಣುಮಕ್ಕಳು ಎರಡನೆಯ ಹಂಗಾಮಿನಲ್ಲೇ ಮಾಡಿದರು. ಅದಕ್ಕೆ ಸಿಗಬೇಕಾದಷ್ಟು ಪಟಾಕಿ ಸಿಗಲಿಲ್ಲ ಎನ್ನುವುದು ಬೇರೆ ಮಾತು.

ಜಾತ್ರೆಯ ಕುಸ್ತಿಯಲ್ಲಿ ಹೀಗಿಲ್ಲ. ವಿಜಯಪುರದ ಸಿದ್ಧೇಶ್ವರ ಜಾತ್ರೆಯ ಕಣದಲ್ಲಿ ಪೈಲ್ವಾನ ಗೆದ್ದರೆ ಅವನ ಊರಿನವರು ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. ರುಮಾಲು ಸುತ್ತುತ್ತಾರೆ, ರೊಕ್ಕ ಕೊಡುತ್ತಾರೆ. ಅವನು ಯಾರ ಮಗ, ಯಾವ ಗರಡಿಯವನು, ದಿನಕ್ಕೆ ಎಷ್ಟು ಹಾಲು ಕುಡಿಯುತ್ತಾನೆ ಎಂಬುದೆಲ್ಲ ಗೊತ್ತು. ಅವನಿಗೂ ಇವರು ಗೊತ್ತು. ವೃತ್ತಿಪರ ಲೀಗಿನಲ್ಲಿ ಈ ಪರಿಚಯ ಒಂದೇ ಕಡೆಯದು. ಆಟಗಾರ ಹರಾಜಿನಲ್ಲಿ ಬರುತ್ತಾನೆ, ಹರಾಜಿನಲ್ಲಿ ಹೋಗುತ್ತಾನೆ. ಉಳಿಯುವುದು ಅಂಗಿಯ ಬಣ್ಣ, ಊರಿನ ಹೆಸರು, ಅದನ್ನು ಕೂಗುವ ಭಾಷೆ. ಕೂಗು ಕನ್ನಡದಲ್ಲಿದೆ, ಟಿ.ವಿ.ಯಲ್ಲಿ ವೀಕ್ಷಕ ವಿವರಣೆಯೂ ಕನ್ನಡದಲ್ಲಿ ಬಂದಿದೆ. ಬೀದರಿನವನನ್ನೂ ಚಾಮರಾಜನಗರದವನನ್ನೂ ಒಂದೇ ಉಸಿರಿನಲ್ಲಿ ‘ನಾವು’ ಎನ್ನುವಂತೆ ಮಾಡುವ ಸಂದರ್ಭಗಳು ಬಹಳ ಇಲ್ಲ. ಸೋತರೂ ಆ ‘ನಾವು’ ಒಡೆಯುವುದಿಲ್ಲ. ಹದಿನೇಳು ವರ್ಷ ಅಭಿಮಾನಿಗಳ ಕೈಗೆ ಸಿಕ್ಕದ್ದು ಅದೇ, ಅದು ಕಡಿಮೆಯದೇನೂ ಅಲ್ಲ.

ಸೋಲಲೂ ತಂಡವಿಲ್ಲದ ಸಂಕಟ

ಸೋಲೇ ಅಭಿಮಾನಿಯ ದೊಡ್ಡ ದುಃಖ ಎಂದುಕೊಂಡಿದ್ದರೆ ವಿಜಯಪುರ ಜಿಲ್ಲೆಯವರನ್ನು ಕೇಳಬೇಕು. ಈ ಜಿಲ್ಲೆಯ ಹೆಸರಿನಲ್ಲೇ ಒಂದು ವೃತ್ತಿಪರ ತಂಡವಿತ್ತು. 2009ರಲ್ಲಿ ಆರಂಭವಾದ ಕರ್ನಾಟಕ ಪ್ರೀಮಿಯರ್ ಲೀಗಿನ ‘ಬಿಜಾಪುರ ಬುಲ್ಸ್’. ಬಸವನ ಬಾಗೇವಾಡಿಯ ಜಿಲ್ಲೆಗೆ ಎತ್ತಿನ ಹೆಸರಿನ ತಂಡ, ಒಪ್ಪುವಂಥದೇ. ಅದು ಸೋಲುವ ತಂಡವೂ ಆಗಿರಲಿಲ್ಲ. 2015ರಲ್ಲಿ ಕಪ್ ಗೆದ್ದಿತು, 2018ರಲ್ಲಿ ಮತ್ತೆ ಗೆದ್ದಿತು. ಪಂದ್ಯಗಳು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ನಡೆಯುತ್ತಿದ್ದುದರಿಂದ ಜಿಲ್ಲೆಯವರು ಅದನ್ನು ನೋಡಿದ್ದು ಟಿ.ವಿ.ಯಲ್ಲೇ. 2019ರಲ್ಲಿ ಆ ಲೀಗಿನಲ್ಲಿ ಮೋಸದಾಟದ ಆರೋಪಗಳು ಎದ್ದವು. ಬೆಂಗಳೂರಿನ ಅಪರಾಧ ವಿಭಾಗದ ಪೊಲೀಸರು ಕೆಲವು ತಂಡಗಳಿಗೆ ಸೇರಿದವರನ್ನು ಬಂಧಿಸಿದರು, ಲೀಗೇ ನಿಂತುಹೋಯಿತು. 2022ರಲ್ಲಿ ಮಹಾರಾಜ ಟ್ರೋಫಿ ಎಂಬ ಹೊಸ ಹೆಸರಿನಲ್ಲಿ ಟೂರ್ನಿ ಮರಳಿ ಬಂದಾಗ ಹುಬ್ಬಳ್ಳಿ ಇತ್ತು, ಕಲಬುರ್ಗಿ ಇತ್ತು, ವಿಜಯಪುರ ಇರಲಿಲ್ಲ.

ಫುಟ್‌ಬಾಲಿನವರಿಗೂ ಈ ಸಂಕಟ ತಪ್ಪಿಲ್ಲ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಹಂಗಾಮಿನಲ್ಲೇ ಐ-ಲೀಗ್ ಗೆದ್ದು ಬೆರಗು ಹುಟ್ಟಿಸಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು. 2018-19ರಲ್ಲಿ ಐಎಸ್‌ಎಲ್ ಗೆದ್ದಿತು. ಕಂಠೀರವ ಕ್ರೀಡಾಂಗಣದ ಪಶ್ಚಿಮ ಭಾಗದಲ್ಲಿ ನಿಂತು ತೊಂಬತ್ತು ನಿಮಿಷ ಹಾಡುವ ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿಗಳ ಗುಂಪು ದೇಶಕ್ಕೇ ಹೆಸರಾಯಿತು. ಕ್ಲಬ್ಬಿನ ನಾಯಕನೂ ಭಾರತ ತಂಡದ ನಾಯಕನೂ ಆಗಿದ್ದ ಸುನಿಲ್ ಛೆಟ್ರಿ 2018ರ ಜೂನ್‌ನಲ್ಲಿ ಮುಂಬಯಿಯ ಖಾಲಿ ಆಸನಗಳನ್ನು ಕಂಡು, ಬೇಕಾದರೆ ಬೈಯಿರಿ, ಆದರೆ ಕ್ರೀಡಾಂಗಣಕ್ಕೆ ಬನ್ನಿ ಎಂದು ದೇಶದ ಜನರನ್ನು ವಿಡಿಯೋದಲ್ಲಿ ಬೇಡಿಕೊಂಡರು. ಮುಂದಿನ ಪಂದ್ಯದ ಟಿಕೆಟ್ಟುಗಳೆಲ್ಲ ಮಾರಾಟವಾದವು. ಆದರೆ 2025ರ ಜುಲೈನಲ್ಲಿ ಲೀಗ್ ನಡೆಸುವ ಒಪ್ಪಂದದ ತಕರಾರಿನಿಂದ ಹೊಸ ಹಂಗಾಮನ್ನೇ ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಆಟಗಾರರ ಸಂಬಳವನ್ನೂ ನಿಲ್ಲಿಸಬೇಕಾಯಿತು. ಹಾಡಲು ಗಂಟಲು ಸಿದ್ಧವಿತ್ತು, ಆಟವೇ ಇರಲಿಲ್ಲ. ಆಡಳಿತದವರ ಕಾಗದಪತ್ರದ ಜಗಳಕ್ಕೆ ಅಭಿಮಾನಿ ಯಾವ ದಿಕ್ಕಿಗೆ ತಿರುಗಿ ಕೂಗಬೇಕು?

ಮೈಯೊಳಗಿನ ಪಂದ್ಯ

‘ಯಾರೋ ಎಲ್ಲೋ ಆಡಿದರ ನಿನಗೇನಾತಪಾ?’ ಎಂದು ಮನೆಯಲ್ಲಿ ಹಿರಿಯರು ಗದರುತ್ತಾರೆ. ಆಗುವುದು ಬಹಳವಿದೆ. 1994ರ ವಿಶ್ವಕಪ್ ಫುಟ್‌ಬಾಲ್ ಫೈನಲ್‌ನಲ್ಲಿ ಬ್ರೆಜಿಲ್ ಇಟಲಿಯನ್ನು ಪೆನಾಲ್ಟಿ ಒದೆತಗಳಲ್ಲಿ ಸೋಲಿಸಿತಲ್ಲವೇ? ಅದನ್ನು ಟಿ.ವಿ.ಯಲ್ಲಿ ನೋಡುತ್ತಿದ್ದ ಎರಡೂ ಕಡೆಯ ಬೆಂಬಲಿಗರ ಎಂಜಲಿನ ಮಾದರಿಯನ್ನು ಅಮೆರಿಕದ ಸಂಶೋಧಕರು ಪಂದ್ಯದ ಮುಂಚೆ ಮತ್ತು ನಂತರ ಪರೀಕ್ಷಿಸಿದರು. ಬ್ರೆಜಿಲ್ ಕಡೆಯವರಲ್ಲಿ ಟೆಸ್ಟೋಸ್ಟಿರೋನ್ ಎಂಬ ಹಾರ್ಮೋನಿನ ಮಟ್ಟ ಏರಿತ್ತು, ಇಟಲಿ ಕಡೆಯವರಲ್ಲಿ ಇಳಿದಿತ್ತು. ಕುರ್ಚಿಯಲ್ಲಿ ಕುಳಿತವನ ದೇಹವೂ ತಾನೇ ಆಡಿದಂತೆ ನಡೆದುಕೊಳ್ಳುತ್ತದೆ.

ಮಕ್ಕಳಿಗಿಂತ ಇದು ಅಜ್ಜಂದಿರಿಗೆ ಮುಖ್ಯವಾದ ಸುದ್ದಿ. 2006ರ ವಿಶ್ವಕಪ್ ಜರ್ಮನಿಯಲ್ಲಿ ನಡೆದಾಗ ಮ್ಯೂನಿಕ್ ಸುತ್ತಮುತ್ತ ಹೃದಯದ ತೊಂದರೆಗೆ ತುರ್ತು ಚಿಕಿತ್ಸೆ ಬೇಕಾದವರ ಲೆಕ್ಕ ಇಡಲಾಯಿತು. ಜರ್ಮನಿ ತಂಡ ಆಡಿದ ದಿನಗಳಲ್ಲಿ ಆ ಸಂಖ್ಯೆ ಬೇರೆ ದಿನಗಳ 2.66 ಪಟ್ಟು ಇತ್ತು. ಮೊದಲೇ ಹೃದ್ರೋಗ ಇದ್ದವರಲ್ಲಿ ಅಪಾಯ ಇನ್ನೂ ಹೆಚ್ಚು. ಪಂದ್ಯ ಶುರುವಾದ ಮೊದಲ ಎರಡು ತಾಸುಗಳಲ್ಲೇ ಅತಿ ಹೆಚ್ಚು. ರಕ್ತದೊತ್ತಡದ ಮಾತ್ರೆ ನುಂಗುವ ಹಿರಿಯರು ಕೊನೆಯ ಓವರಿನ ಗಡಿಬಿಡಿಯಲ್ಲಿ ಅದನ್ನು ಮರೆಯದಿದ್ದರೆ ಸಾಕು.

ನಂಬಿಕೆಗಳ ಕಥೆ ಇನ್ನೊಂದು. ಒಬ್ಬ ಕೊಹ್ಲಿ ಆಡುವಾಗ ಕಾಲು ಮಡಚಿದ ಭಂಗಿ ಬದಲಿಸುವುದಿಲ್ಲ; ಇನ್ನೊಬ್ಬ ಗೆದ್ದ ದಿನದ ಅಂಗಿ ತೊಳೆಯಲು ಕೊಡುವುದಿಲ್ಲ; ಮತ್ತೊಬ್ಬನನ್ನು ‘ನೀ ನೋಡಿದರ ವಿಕೆಟ್ ಬೀಳ್ತಾವ’ ಎಂದು ಗೆಳೆಯರೇ ಹೊರಗೆ ಕಟ್ಟೆಯ ಮೇಲೆ ಕೂರಿಸಿರುತ್ತಾರೆ. ಬಿ.ಎಫ್. ಸ್ಕಿನ್ನರ್ ಎಂಬ ವಿಜ್ಞಾನಿ 1948ರಲ್ಲಿ ಹಸಿದ ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು, ಅವು ಏನು ಮಾಡಲಿ ಬಿಡಲಿ, ಗೊತ್ತಾದ ಅವಧಿಗೊಮ್ಮೆ ಕಾಳು ಬೀಳುವಂತೆ ಮಾಡಿದ. ಎಂಟರಲ್ಲಿ ಆರು ಪಾರಿವಾಳಗಳು ಕಾಳು ಬಿದ್ದಾಗ ತಾವು ಏನು ಮಾಡುತ್ತಿದ್ದವೋ ಅದನ್ನೇ ಮತ್ತೆ ಮತ್ತೆ ಮಾಡತೊಡಗಿದವು. ಒಂದು ಗಿರಗಿರ ಸುತ್ತಿತು, ಒಂದು ಮೂಲೆಗೆ ತಲೆ ಚಾಚಿತು. ಕಾಳು ತನ್ನ ಪಾಡಿಗೆ ಬೀಳುತ್ತಲೇ ಇತ್ತು. ಕಟ್ಟೆಯ ಮೇಲೆ ಕುಳಿತ ಹುಡುಗನಿಗೆ ಯಾರಾದರೂ ಈ ಪಾರಿವಾಳದ ಕಥೆ ಹೇಳಿ ಒಳಗೆ ಕರೆಯಬೇಕು. ಆದರೆ ಅವನು ಒಳಬಂದ ಚೆಂಡಿಗೇ ವಿಕೆಟ್ ಬಿದ್ದರೆ ವಿಜ್ಞಾನದ ಗತಿ ಏನು ಎಂಬುದು ಬೇರೆ ಪ್ರಶ್ನೆ.

ತಂದೆತಾಯಿಗಳ ನಿಜವಾದ ಚಿಂತೆ ಇದ್ಯಾವುದೂ ಅಲ್ಲ, ಪರೀಕ್ಷೆ. 2025ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರುವಾದದ್ದು ಮಾರ್ಚ್ 21ಕ್ಕೆ. ಐಪಿಎಲ್ ಶುರುವಾದದ್ದು 22ಕ್ಕೆ, ಅದೂ ಬೆಂಗಳೂರಿನ ಪಂದ್ಯದಿಂದಲೇ. ಟಿ.ವಿ. ಬಂದ್ ಮಾಡಿದರೆ ಹುಡುಗ ಪುಸ್ತಕ ಹಿಡಿಯುತ್ತಾನೆ, ಕಿವಿ ಮಾತ್ರ ಪಕ್ಕದ ಮನೆಯ ಕೂಗಿನ ಮೇಲೆ ಇರುತ್ತದೆ. ಪಂದ್ಯಗಳ ಪಟ್ಟಿ ಮೊದಲೇ ಸಿಗುತ್ತದೆ. ಪರೀಕ್ಷೆಯ ವೇಳಾಪಟ್ಟಿಯ ಪಕ್ಕ ಅದನ್ನಿಟ್ಟು, ಯಾವ ದಿನದ್ದನ್ನು ನೋಡಬಹುದು, ಯಾವ ದಿನದ್ದರ ಸುದ್ದಿಯೇ ಬೇಡ ಎಂದು ಮೊದಲೇ ಮಾತಾಡಿಕೊಂಡ ಮನೆಗಳಲ್ಲಿ ಜಗಳ ಕಡಿಮೆ.

ಇದಕ್ಕಿಂತ ಗಂಭೀರವಾದದ್ದು ರೊಕ್ಕ ಹಚ್ಚುವ ಚಟ. ಪಂದ್ಯದ ಮೇಲೆ ಐವತ್ತು ರೂಪಾಯಿಯಿಂದ ಶುರುವಾದದ್ದು ಅಪ್ಪ ಬೀಜ-ಗೊಬ್ಬರಕ್ಕೆ ಇಟ್ಟ ಹಣಕ್ಕೂ ಕೈ ಹಾಕಿಸುತ್ತದೆ. ಯಾವಾಗ ಗೆಲ್ಲುತ್ತೇವೆ ಎಂಬುದು ಗೊತ್ತಿಲ್ಲದಿದ್ದಾಗಲೇ ಚಟ ಬಲಿಯುವುದು. ಇದನ್ನೂ ಸ್ಕಿನ್ನರನ ಪ್ರಯೋಗಗಳೇ ತೋರಿಸಿಕೊಟ್ಟಿವೆ. ಮೊಬೈಲಿನಲ್ಲಿ ಹಣ ಹೂಡಿ ತಂಡ ಕಟ್ಟುವ ಆಟಗಳ ಜಾಹೀರಾತು ವರ್ಷಗಟ್ಟಲೆ ಆಟಗಾರರ ಅಂಗಿಯ ಮೇಲೇ ಇತ್ತು. 2025ರ ಆಗಸ್ಟ್‌ನಲ್ಲಿ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿತು. ಆದರೆ ಊರಿನ ಮೂಲೆಯಲ್ಲಿ ಚೀಟಿ ಬರೆಯುವವನಿಗೆ ಆನ್‌ಲೈನ್ ಬೇಕಿಲ್ಲವಲ್ಲ! ರೊಕ್ಕ ಹಚ್ಚಿದವನು ಅಭಿಮಾನಿಯಾಗಿ ಉಳಿಯುವುದೂ ಇಲ್ಲ. ಹಣ ಎದುರಾಳಿಯ ಮೇಲಿದ್ದರೆ ತನ್ನವರೇ ಸೋಲಲಿ ಎಂದು ಬಯಸುವ ಗತಿ ಬರುತ್ತದೆ.

ಜೂನ್ 3, ಜೂನ್ 4

2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಬೆಂಗಳೂರು 190 ರನ್ ಗಳಿಸಿತ್ತು. ಕೊನೆಯ ಓವರಿನಲ್ಲಿ ಪಂಜಾಬಿಗೆ ಬೇಕಿದ್ದದ್ದು 29. ಹೇಜಲ್‌ವುಡ್ ಎಸೆದ ಮೊದಲ ಎರಡು ಚೆಂಡಿಗೆ ರನ್ ಬರಲಿಲ್ಲ. ಉಳಿದ ನಾಲ್ಕೂ ಸಿಕ್ಸರ್ ಆದರೂ 24. ನೋಬಾಲೋ ವೈಡೋ ಆಗದ ಹೊರತು ಪಂದ್ಯ ಮುಗಿದಿತ್ತು. ಬೌಂಡರಿ ಬಳಿ ನಿಂತ ಕೊಹ್ಲಿಯ ಕಣ್ಣು ಆಗಲೇ ತುಂಬಿತ್ತು. ಆದರೂ ಹದಿನೇಳು ವರ್ಷ ಸುಟ್ಟುಕೊಂಡವರು ಅಷ್ಟು ಬೇಗ ನಂಬುತ್ತಾರೆಯೇ? ಕೊನೆಯ ಚೆಂಡಿನವರೆಗೂ ಬಾಯಿ ಬಿಡದೆ ಕುಳಿತಿದ್ದವರೇ ಹೆಚ್ಚು. ಗೆಲುವು 6 ರನ್‌ಗಳಿಂದ; 2009ರಲ್ಲಿ ಕುಂಬ್ಳೆಯವರ ತಂಡ ಸೋತದ್ದೂ ಅದೇ ಆರು ರನ್ನಿಗೆ. ನಾಯಕ ರಜತ್ ಪಾಟೀದಾರ್ ಇಂದೋರಿನವರು, ಪಂದ್ಯಪುರುಷ ಕೃಣಾಲ್ ಪಾಂಡ್ಯ ಬರೋಡದವರು. ಆ ರಾತ್ರಿ ಅದನ್ನು ಯಾರೂ ಕೇಳಲಿಲ್ಲ. ರಾಜ್ಯದ ಊರೂರುಗಳಲ್ಲಿ ಪಟಾಕಿ ಹಾರಿತು. ಹತ್ತನೆಯ ಇಯತ್ತೆಯಲ್ಲಿದ್ದಾಗ ಮೊದಲ ಸೋಲು ನೋಡಿದ ಹುಡುಗ ಈಗ ತನ್ನ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿಗೆ ಬಂದಿದ್ದ.

ಮರುದಿನ ಜೂನ್ 4. ತಂಡ ಬೆಂಗಳೂರಿಗೆ ಬಂತು. ಮೆರವಣಿಗೆ ಇದೆ ಎಂದು ಒಂದು ಸುದ್ದಿ, ಇಲ್ಲ ಎಂದು ಇನ್ನೊಂದು. ಕ್ರೀಡಾಂಗಣಕ್ಕೆ ಪ್ರವೇಶ ಪುಕ್ಕಟೆ ಎಂದು ಮತ್ತೊಂದು. ಸುಮಾರು 35 ಸಾವಿರ ಮಂದಿ ಹಿಡಿಯುವ ಚಿನ್ನಸ್ವಾಮಿಯ ಸುತ್ತ ಲಕ್ಷಗಟ್ಟಲೆ ಜನ ಸೇರಿದರು. ದ್ವಾರಗಳ ಬಳಿ ನೂಕುನುಗ್ಗಲಾಗಿ 11 ಮಂದಿ ಸತ್ತರು, ಹತ್ತಾರು ಜನ ಗಾಯಗೊಂಡರು. ಸತ್ತವರಲ್ಲಿ ಹೆಚ್ಚಿನವರು ಹದಿಹರೆಯದವರು ಮತ್ತು ಇಪ್ಪತ್ತರ ಆಸುಪಾಸಿನವರು. ಶಾಲೆಗೆ ಹೋಗುವ ಬಾಲಕಿಯೊಬ್ಬಳೂ ಇದ್ದಳು. ಸರ್ಕಾರ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕಲ್ ಡಿ’ಕುನ್ಹಾ ಅವರಿಂದ ವಿಚಾರಣೆ ಮಾಡಿಸಿತು. ಅದೇ ವರ್ಷ ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ಬೆಂಗಳೂರಿನ ಕೈತಪ್ಪಿ ನವಿ ಮುಂಬಯಿಗೆ ಹೋದವು. ಭಾರತದ ಹೆಣ್ಣುಮಕ್ಕಳು ಕಪ್ ಎತ್ತಿದ್ದೂ ಅಲ್ಲೇ.

ಇಂಥ ಸಾವುಗಳನ್ನು ‘ಕಾಲ್ತುಳಿತ’ ಎಂದು ಬರೆಯುವುದು ರೂಢಿ. ಆದರೆ ಬಹಳ ಸಲ ಸಾವಿಗೆ ಕಾರಣ ತುಳಿತವಲ್ಲ, ಒತ್ತಡ. ಉಸಿರು ಎಳೆಯಬೇಕಾದರೆ ಎದೆಗೂಡು ಹಿಗ್ಗಬೇಕು. ಒಂದು ಚದರ ಮೀಟರ್ ಜಾಗದಲ್ಲಿ ಐದಾರು ಮಂದಿಗಿಂತ ಹೆಚ್ಚು ಜನ ಸಿಕ್ಕಿಕೊಂಡರೆ ಗುಂಪು ಮನುಷ್ಯರ ಹಾಗೆ ನಡೆಯದೆ ನೀರಿನ ಹಾಗೆ ಹರಿಯತೊಡಗುತ್ತದೆ. ಹಿಂದಿನವರು ಒಂದು ಹೆಜ್ಜೆ ಇಟ್ಟರೆ ಆ ನೂಕು ಅಲೆಯಾಗಿ ಮುಂದಿನವರ ಎದೆಗೆ ಬಡಿಯುತ್ತದೆ. ನಿಂತಲ್ಲೇ, ಎರಡೂ ಕಾಲ ಮೇಲೇ ಮನುಷ್ಯ ಉಸಿರುಗಟ್ಟಿ ಸಾಯಬಹುದು. ಹಿಂದಿನವನಿಗೆ ಅದು ಗೊತ್ತೇ ಆಗುವುದಿಲ್ಲ. ಅವನಿನ್ನೂ ಜಯಕಾರ ಹಾಕುತ್ತಿರುತ್ತಾನೆ. ಜಾತ್ರೆಗೂ ತೇರಿಗೂ ಇದೇ ಲೆಕ್ಕ. ಹೆಗಲಿಗೆ ಹೆಗಲು ತಾಗಿ ಕೈ ಮೇಲೆತ್ತಲು ಆಗದಂತಾಯಿತೆಂದರೆ ಹೊರಡುವ ಹೊತ್ತು ಆಗಲೇ ಮೀರುತ್ತಿದೆ ಎಂದು ತಿಳಿಯಬೇಕು. ಸಿಕ್ಕಿಕೊಂಡವರು ಎರಡೂ ಮೊಳಕೈಗಳನ್ನು ಎದೆಯ ಮುಂದೆ ಅಡ್ಡ ಹಿಡಿದು ಉಸಿರಿಗೆ ಜಾಗ ಮಾಡಿಕೊಳ್ಳಬೇಕು. ನೂಕಿಗೆ ಎದುರಾಗಿ ನೂಕದೆ, ಅಲೆ ತಗ್ಗಿದಾಗ ಓರೆಯಾಗಿ ಅಂಚಿನ ಕಡೆ ಸರಿಯಬೇಕು. ಕಾಲಿನ ಚಪ್ಪಲಿ ಹೋದರೂ ಕೈಯ ಮೊಬೈಲು ಬಿದ್ದರೂ ಬಾಗಬಾರದು. ಗೇಟು, ಗೋಡೆ, ಮೆಟ್ಟಿಲುಗಳ ಹತ್ತಿರ ಅಪಾಯ ಹೆಚ್ಚು.

ಫುಟ್‌ಬಾಲಿನ ನಾಡಿನವರು ಈ ಪಾಠ ಕಲಿತದ್ದೂ ಹೆಣಗಳನ್ನು ಎಣಿಸಿಯೇ. 1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ತಂಡದ ಅಭಿಮಾನಿಗಳು ಕಬ್ಬಿಣದ ಬೇಲಿಗೆ ಒತ್ತಿ ಸತ್ತರು. ಆ ಗಾಯದಿಂದಲೇ 2021ರಲ್ಲಿ ತೀರಿಕೊಂಡ ಒಬ್ಬರನ್ನೂ ಸೇರಿಸಿ ಒಟ್ಟು 97 ಮಂದಿ. ತಪ್ಪು ಅಭಿಮಾನಿಗಳದೇ, ಕುಡಿದು ನುಗ್ಗಿದರು ಎಂದು ಆಗ ಹೇಳಿದ್ದರು. ಸತ್ತವರ ಮನೆಯವರು ಬಿಡಲಿಲ್ಲ. 27 ವರ್ಷ ಹೋರಾಡಿ, 2016ರಲ್ಲಿ, ಅಭಿಮಾನಿಗಳ ತಪ್ಪು ಇರಲಿಲ್ಲ ಎಂದು ತೀರ್ಪುಗಾರರಿಂದ ಹೇಳಿಸಿದರು. ಅಷ್ಟು ವರ್ಷವೂ ಲಿವರ್‌ಪೂಲಿನ ಸಾಮಾನ್ಯ ಅಭಿಮಾನಿಗಳು ಅವರ ಜೊತೆಗೆ ನಿಂತಿದ್ದರು.

ನಮ್ಮ ದೇಶದಲ್ಲಿ ಅದಕ್ಕೂ ಒಂಬತ್ತು ವರ್ಷ ಮೊದಲೇ, 1980ರ ಆಗಸ್ಟ್ 16ರಂದು, ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗಾನ್-ಈಸ್ಟ್ ಬೆಂಗಾಲ್ ಪಂದ್ಯದ ವೇಳೆ ಗಲಾಟೆ, ನೂಕುನುಗ್ಗಲಾಗಿ 16 ಮಂದಿ ಫುಟ್‌ಬಾಲ್ ಪ್ರೇಮಿಗಳು ಸತ್ತರು. ಆ ಎರಡು ತಂಡಗಳ ಹಗೆ ಎಂಥದೆಂದರೆ, ಒಂದು ಗೆದ್ದ ದಿನ ಸಿಗಡಿ ಮೀನು, ಇನ್ನೊಂದು ಗೆದ್ದ ದಿನ ಹಿಲ್ಸಾ ಮೀನು ಬಂಗಾಳದ ಅಡುಗೆಮನೆಗಳಲ್ಲಿ ಬೇಯುತ್ತದೆ ಎನ್ನುತ್ತಾರೆ. ಆದರೆ ಆಗಸ್ಟ್ 16ನ್ನು ಅಲ್ಲಿ ಫುಟ್‌ಬಾಲ್ ಪ್ರೇಮಿಗಳ ದಿನವೆಂದು ಆಚರಿಸುತ್ತ ಬಂದಿದ್ದಾರೆ. ಆ ದಿನ ಸತ್ತವರ ನೆನಪಿಗೆ ರಕ್ತದಾನದ ಶಿಬಿರ ನಡೆಯುತ್ತದೆ.